ಮುಚ್ಚಳದೊಳಗಿನ ಕಾಯಕ

ಅಡುಗೆಮನೆಯ ಬೆಲೆಬಾಳುವ ಯಂತ್ರಗಳ ರಿಪೇರಿಯಲ್ಲಿ ಒಡೆತನ ಒಬ್ಬರದು, ತಿಳಿವಳಿಕೆ ಇನ್ನೊಬ್ಬರದು. ಹತ್ತಾರು ಸಾವಿರ ರೂಪಾಯಿ ಕೊಟ್ಟು ತಂದ ಮೈಕ್ರೋವೇವ್, ಗೋಡೆಯೊಳಗೆ ಕೂರಿಸಿದ ಓವನ್, ಗಾಜಿನ ಹಾಬ್, ಚಿಮಣಿ, ಇಂಡಕ್ಷನ್ ಒಲೆ ಇವುಗಳಲ್ಲಿ ಯಾವುದು ಕೆಟ್ಟರೂ ಮನೆಯವರಿಗೆ ಗೊತ್ತಾಗುವುದು ಅದು ಕೆಲಸ ಮಾಡುತ್ತಿಲ್ಲ ಎಂಬುದಷ್ಟೇ. ಏನು ಕೆಟ್ಟಿದೆ ಎಂದು ಹೇಳುವವನು, ಏನು ಮಾಡಬೇಕೆಂದು ತೀರ್ಮಾನಿಸುವವನು, ಮಾಡಿದ್ದು ಸರಿಯಾಗಿದೆ ಎಂದು ಒಪ್ಪಿಸುವವನು, ಕೊನೆಗೆ ಹಣ ಎಣಿಸಿಕೊಳ್ಳುವವನು ಎಲ್ಲವೂ ಒಬ್ಬನೇ ಮೆಕ್ಯಾನಿಕ್. ಆರೋಪಿ, ಸಾಕ್ಷಿ, ನ್ಯಾಯಾಧೀಶ ಮೂವರೂ ಒಬ್ಬನೇ ಆದ ಈ ಸ್ಥಿತಿಯಲ್ಲಿ ಅವನು ಯಾರಿಗೆ ಉತ್ತರ ಹೇಳಬೇಕು? ಗ್ರಾಹಕರ ಕಾನೂನು ಸೇವೆಯ ಲೋಪವನ್ನು ಪ್ರಶ್ನಿಸಬಲ್ಲದು. ಆದರೆ ಲೋಪವಾಗಿದೆ ಎಂದು ತಿಳಿಯಬೇಕಾದರೂ ಮುಚ್ಚಳ ಬಿಚ್ಚಿ ನೋಡಲು ಬಲ್ಲವರು ಬೇಕು. ಹೀಗಾಗಿ ಈ ವೃತ್ತಿಯ ಮೂಲದಲ್ಲಿ ಇರುವುದು ಧರ್ಮದ ಪ್ರಶ್ನೆ. ಶಿವಮೊಗ್ಗ ಸೀಮೆಯಲ್ಲಿ ಬೇರುಬಿಟ್ಟ ಶರಣ, ಜೈನ, ಆಗಮ ಪರಂಪರೆಗಳು ಈ ಪ್ರಶ್ನೆಯನ್ನು ಯಂತ್ರಗಳು ಬರುವುದಕ್ಕೆ ಬಹಳ ಹಿಂದೆಯೇ ಎದುರಿಸಿದ್ದವು.

ಗಾಂಧಿ ಬಜಾರ್ ಶಿವಮೊಗ್ಗದ ಹಳೆಯ ಪೇಟೆಬೀದಿ. ಇಂಥ ಪೇಟೆಗಳ ಆಸುಪಾಸಿನಲ್ಲಿ ಮಿಕ್ಸಿ, ಗ್ರೈಂಡರ್ ರಿಪೇರಿಯ ಅಂಗಡಿಗಳು ಬರುವ ಮುನ್ನ ಅಡುಗೆಮನೆಗೆ ಬೇಕಾದ ದುರಸ್ತಿ ಎಂದರೆ ಮುಖ್ಯವಾಗಿ ಕಲಾಯಿ. ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರನ್ನೋ ಮಜ್ಜಿಗೆ ಹುಳಿಯನ್ನೋ ಮಾಡಿದರೆ ಹುಳಿಗೆ ಲೋಹ ಬಿಟ್ಟುಕೊಂಡು ಅಡುಗೆ ಕಿಲುಬಾಗುತ್ತದೆ. ಅದಕ್ಕೆ ಪಾತ್ರೆಯ ಒಳಮೈಗೆ ತವರದ ತೆಳು ಲೇಪ ಬೇಕು. ಕಲಾಯಿಗಾರ ಇದ್ದಲ ಕುಳಿಗೆ ತಿದಿ ಒತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಎರಚಿ, ತವರದ ಕಡ್ಡಿ ತಾಗಿಸಿ, ಹತ್ತಿಯ ಉಂಡೆಯಿಂದ ಸರಸರನೆ ಸವರುತ್ತಿದ್ದ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ. ಅದಕ್ಕಿಂತ ಬಹಳ ಅಗ್ಗದ ಸೀಸವನ್ನು ಸ್ವಲ್ಪ ಬೆರೆಸಿದರೆ ಇನ್ನೂ ಬೇಗ ಕರಗುತ್ತದೆ, ಕೆಲಸ ಸಲೀಸು, ಲಾಭವೂ ಹೆಚ್ಚು. ಹೊಳಪಿನಲ್ಲಿ ಮನೆಯವರ ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಸೀಸ ಮೈಗೆ ಸೇರಿದರೆ ಮಕ್ಕಳ ಮೆದುಳಿಗೆ ಹಾನಿ. ಶುದ್ಧ ತವರ ಹಾಕುವ ಕಲಾಯಿಗಾರನಿಗೂ ಬೆರಕೆ ಹಾಕುವವನಿಗೂ ಆ ದಿನ ಸಿಗುವ ಕೂಲಿ ಒಂದೇ, ಮನೆಯವರ ಮೆಚ್ಚುಗೆಯೂ ಒಂದೇ. ಅವರಿಬ್ಬರ ನಡುವಣ ಅಂತರವೆಲ್ಲ ಯಾರೂ ನೋಡದ ಜಾಗದಲ್ಲಿತ್ತು.

ನೆರೆಯ ಭದ್ರಾವತಿಯಲ್ಲಿ ಇಪ್ಪತ್ತನೆಯ ಶತಮಾನ ಇನ್ನೊಂದು ಬಗೆಯ ದುರಸ್ತಿಯನ್ನು ತಂದಿತು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಎರಡೂ ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್ ಎಂಬ ಕಸುಬುಗಳನ್ನು ಊರಿನ ಬದುಕಿನೊಳಗೆ ಸೇರಿಸಿದವು. ಕಾರ್ಖಾನೆಯಲ್ಲಿ ದುರಸ್ತಿಗೆ ಲಿಖಿತ ದಾಖಲೆ ಇರುತ್ತದೆ. ಒಬ್ಬ ಬಿಗಿದ ಬೋಲ್ಟನ್ನು ಇನ್ನೊಬ್ಬ ಪರೀಕ್ಷಿಸುತ್ತಾನೆ, ಮುಂದಿನ ಪಾಳಿಯವನು ಅದೇ ಯಂತ್ರವನ್ನು ಓಡಿಸುತ್ತಾನೆ. ಅಲ್ಲಿ ಪ್ರಾಮಾಣಿಕತೆಗೆ ವ್ಯವಸ್ಥೆಯ ಊರೆಗೋಲಿದೆ. ಮನೆಯ ಯಂತ್ರದ ರಿಪೇರಿಗೆ ಆ ಊರೆಗೋಲು ಇಲ್ಲ.

ಪ್ರಶ್ನೆಯ ತೂಕ ತಿಳಿಯಲು ಒಂದೆರಡು ಯಂತ್ರಗಳ ಒಳಗನ್ನು ನೋಡಬೇಕು. ಮೈಕ್ರೋವೇವ್ ಓವನ್ನಿನಲ್ಲಿ ಚಟಪಟ ಕಿಡಿ ಹಾರುತ್ತಿದೆ ಎಂದು ಗಾಬರಿಯಾಗಿ ಕರೆ ಬರುತ್ತದೆ. ಒಳಗೋಡೆಯ ಬಲಬದಿಯಲ್ಲಿ ಸಾಮಾನ್ಯವಾಗಿ ಒಂದು ಅಭ್ರಕದ ಹಾಳೆ ಇರುತ್ತದೆ. 2450 ಮೆಗಾಹರ್ಟ್ಜ್ ಅಲೆಗಳು ಅದರ ಮೂಲಕ ಹಾದು ಅಡುಗೆಯನ್ನು ಬಿಸಿ ಮಾಡುತ್ತವೆ. ಎಣ್ಣೆ, ಸಾರು ಸಿಡಿದು ಆ ಹಾಳೆಯ ಮೇಲೆ ಕರಿಕಟ್ಟಿದರೆ ಅಲ್ಲೇ ಸುಟ್ಟು ಕಿಡಿ ಏಳುತ್ತದೆ. ಹಾಳೆಯನ್ನು ಅಳತೆಗೆ ಕತ್ತರಿಸಿ ಬದಲಿಸಿದರೆ, ಗೋಡೆಯ ಕರಿ ಒರೆಸಿದರೆ ಬಹುತೇಕ ಸಲ ಕೆಲಸ ಮುಗಿಯಿತು. ಹಾಳೆಯ ಬೆಲೆ ಅತ್ಯಲ್ಪ. ಆದರೆ ಅಲೆಗಳನ್ನು ಹುಟ್ಟಿಸುವ ಮ್ಯಾಗ್ನೆಟ್ರಾನ್ ಹೋಗಿದೆ ಎಂದರೂ ಮನೆಯವರು ನಂಬುತ್ತಾರೆ, ಅದು ಹಾಳೆಗಿಂತ ಎಷ್ಟೋ ಪಟ್ಟು ದುಬಾರಿ. ಎರಡೂ ಸಂದರ್ಭದಲ್ಲಿ ಓವನ್ ಮತ್ತೆ ಬಿಸಿಯಾಗುತ್ತದೆ. ಫಲಿತಾಂಶ ಒಂದೇ ಆಗಿರುವುದರಿಂದಲೇ ಸುಳ್ಳು ಎಂದೂ ಹೊರಬೀಳುವುದಿಲ್ಲ.

ಇಂಡಕ್ಷನ್ ಒಲೆಯದು ಇನ್ನೂ ಸೂಕ್ಷ್ಮ. ಮನೆಗೆ ಬರುವ 230 ವೋಲ್ಟ್ ವಿದ್ಯುತ್ತನ್ನು ಅದು ನೇರ ಪ್ರವಾಹವಾಗಿಸಿ, ಐಜಿಬಿಟಿ ಎಂಬ ಸ್ವಿಚ್ಚಿನಿಂದ ಸೆಕೆಂಡಿಗೆ 20 ಸಾವಿರಕ್ಕೂ ಹೆಚ್ಚು ಸಲ ಕತ್ತರಿಸಿ ಸುರುಳಿಗೆ ಕಳಿಸುತ್ತದೆ. ಮಲೆನಾಡ ಸೆರಗಿನ ಈ ಊರುಗಳಲ್ಲಿ ಮಳೆಗಾಲದ ತೇವ, ಏರಿಳಿಯುವ ವೋಲ್ಟೇಜು, ಬೆಚ್ಚಗಿನ ಬೋರ್ಡು ಹುಡುಕಿಕೊಂಡು ಒಳನುಸುಳುವ ಜಿರಳೆ, ಇರುವೆ, ಹಲ್ಲಿಮರಿ ಎಲ್ಲವೂ ಐಜಿಬಿಟಿಗೆ ಕಂಟಕ. ಅದು ಸುಟ್ಟರೆ ಫ್ಯೂಸು ಹಾರುತ್ತದೆ. ಎರಡನ್ನೂ ಬದಲಿಸುವುದು ಹತ್ತು ನಿಮಿಷದ ಕೆಲಸ. ಆದರೆ ಅದು ಸುಟ್ಟಿದ್ದೇಕೆ? ಬಲ ಕಳೆದುಕೊಂಡ ಕೆಪಾಸಿಟರ್ ಇರಬಹುದು, ತಿರುಗದ ಫ್ಯಾನ್ ಇರಬಹುದು, ಸ್ವಿಚ್ಚಿಗೆ ಆಜ್ಞೆ ಕೊಡುವ ಭಾಗದಲ್ಲಿ ದೋಷವಿರಬಹುದು. ಕಾರಣ ಹುಡುಕದೆ ಹೊಸದನ್ನು ಕೂರಿಸಿದರೆ ಅದೂ ಸುಡುತ್ತದೆ, ಕೆಲವು ಸಲ ಅಂಗಡಿಯಲ್ಲೇ, ಕೆಲವು ಸಲ ಮನೆಗೆ ಹೋದ ವಾರದಲ್ಲಿ. ಬಲ್ಲ ಮೆಕ್ಯಾನಿಕ್ ಮೊದಲು ಸೀರೀಸಿನಲ್ಲಿ ಒಂದು ಹಳೆಯ ಬಲ್ಬ್ ಸೇರಿಸಿ ಒಲೆಗೆ ವಿದ್ಯುತ್ ಕೊಡುತ್ತಾನೆ. ಬಲ್ಬ್ ಪೂರ್ತಿ ಬೆಳಗಿದರೆ ಒಳಗೆ ಇನ್ನೂ ಶಾರ್ಟ್ ಇದೆ ಎಂದು ಅರ್ಥ. ಹುಡುಕುವ ಈ ಹೊತ್ತಿಗೆ ಬಿಲ್ಲಿನಲ್ಲಿ ಸಾಲಿಲ್ಲ.

ಇಲ್ಲಿಯೇ ಶರಣರ ಕಾಯಕ ವಿಚಾರ ಪ್ರಸ್ತುತವಾಗುತ್ತದೆ. ಅನುಭವ ಮಂಟಪದ ಅಧ್ಯಕ್ಷ ಪೀಠದಲ್ಲಿದ್ದ ಅಲ್ಲಮಪ್ರಭು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯವನು, ಅಕ್ಕಮಹಾದೇವಿ ಅದರ ಸಮೀಪದ ಉಡುತಡಿಯವಳು ಎಂಬುದು ಪರಂಪರೆ. ಹನ್ನೆರಡನೆಯ ಶತಮಾನದ ಆ ಚಳವಳಿ ಹಗ್ಗ ಹೊಸೆಯುವವನ, ಬಟ್ಟೆ ಒಗೆಯುವವನ, ಚಪ್ಪಲಿ ಹೊಲಿಯುವವನ ದುಡಿಮೆಯನ್ನು ಪೂಜೆಗೆ ಸಮನಾಗಿಸಿತು ಎಂದು ಎಲ್ಲರೂ ಹೇಳುತ್ತಾರೆ. ಅಷ್ಟಕ್ಕೆ ನಿಂತರೆ ಅರ್ಧ ಮಾತು. ದುಡಿಮೆ ಕಾಯಕವಾಗಲು ಅದರ ಗಳಿಕೆಯೂ ಪರೀಕ್ಷೆಗೆ ನಿಲ್ಲಬೇಕು. ಆಯ್ದಕ್ಕಿ ಮಾರಯ್ಯನ ಕಥೆ ಆ ಪರೀಕ್ಷೆಯ ಕಥೆಯೇ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಡುಗೆಗೆ ಬಳಸಲು ಒಪ್ಪದೆ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಗಂಡನನ್ನು ಕಳಿಸುತ್ತಾಳೆ. ನುಲಿಯ ಚಂದಯ್ಯನ ಕಥೆಯಲ್ಲೂ ಹಗ್ಗದ ಬೆಲೆಗೆ ಮೀರಿದ ಹೊನ್ನು ಬಂದರೆ ಅದು ಅವನಿಗೆ ಒಪ್ಪಿಗೆಯಾಗುವುದಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಎಷ್ಟು ಎಂದು ಅಳೆದವರು ಯಾರೂ ಇರಲಿಲ್ಲ. ಹೆಚ್ಚು ತೆಗೆದುಕೊಂಡರೆ ಕೇಳುವವರೂ ಇರಲಿಲ್ಲ. ಕೇಳಿದ್ದು ಮನೆಯೊಳಗಿನ ದನಿ, ಅದೂ ಒಲೆಯ ಮುಂದೆ ನಿಂತವಳ ದನಿ.

ಈ ಕಥೆಯನ್ನು ಮೆಕ್ಯಾನಿಕ್ಕಿಗೆ ಬುದ್ಧಿ ಹೇಳಲು ಮಾತ್ರ ಬಳಸುವುದು ಅನ್ಯಾಯ. ಕಡಿಮೆ ತೆಗೆದುಕೊಳ್ಳಬೇಕು ಎಂಬುದು ಅದರ ಸಾರವಲ್ಲ; ಕೆಲಸದಿಂದ ಬಾರದ್ದನ್ನು ತೆಗೆದುಕೊಳ್ಳಬಾರದು ಎಂಬುದು ಸಾರ. ಅಭ್ರಕದ ಹಾಳೆಯೇ ಕಾರಣ ಎಂದು ಎರಡು ನಿಮಿಷದಲ್ಲಿ ಗುರುತಿಸುವ ಕಣ್ಣಿನ ಹಿಂದೆ ವರ್ಷಗಳ ಕಲಿಕೆ ಇದೆ. ಆ ಕಣ್ಣಿಗೆ ಬೆಲೆ ಉಂಟು. ಆದರೆ ಬಹಳ ಗ್ರಾಹಕರು ಕೈಗೆ ಸಿಗುವ ವಸ್ತುವಿಗೆ ಹಣ ಕೊಡುತ್ತಾರೆಯೇ ಹೊರತು ಕೈಗೆ ಸಿಗದ ತಿಳಿವಳಿಕೆಗೆ ಕೊಡುವುದಿಲ್ಲ. ‘ಬರೀ ನೋಡಿದ್ದಕ್ಕೆ ದುಡ್ಡಾ?’ ಎಂಬ ಪ್ರಶ್ನೆ ರಿಪೇರಿ ಅಂಗಡಿಯಲ್ಲಿ ಹೊಸದಲ್ಲ. ಹಾಳೆ ಬದಲಿಸಿ ಐನೂರು ರೂಪಾಯಿ ಕೇಳಿದರೆ ಜಗಳ, ಬೋರ್ಡು ಬದಲಿಸಿದೆ ಎಂದು ಮೂರು ಸಾವಿರ ಕೇಳಿದರೆ ಮೌನ. ಹೀಗೆ ನಿಜ ಹೇಳಿದವನಿಗೆ ಕೂಲಿ ಕೊಡದ ಗ್ರಾಹಕನೇ ಸುಳ್ಳಿಗೆ ಸಂಬಳ ಕೊಟ್ಟು ಸಾಕುತ್ತಾನೆ. ತಿಳಿವಳಿಕೆಯ ಕೂಲಿಯನ್ನು ಬಿಡಿಭಾಗದ ಬೆಲೆಯಲ್ಲಿ ಬಚ್ಚಿಡುವ ಅಭ್ಯಾಸಕ್ಕೆ ಎರಡು ಕಡೆಯವರೂ ಹೊಣೆ. ಲಕ್ಕಮ್ಮನ ಅಳತೆಗೋಲು ಕೊಡುವವನಿಗೂ ಅನ್ವಯಿಸುತ್ತದೆ: ಸಲ್ಲಬೇಕಾದ್ದನ್ನು ತಡೆಹಿಡಿಯುವುದೂ ಸಲ್ಲದ್ದನ್ನು ಇಟ್ಟುಕೊಂಡಂತೆಯೇ.

ಮೋಸ ಯಾವಾಗಲೂ ದುರಾಸೆಯ ರೂಪದಲ್ಲೇ ಬರುವುದಿಲ್ಲ, ಉಪಕಾರದ ರೂಪದಲ್ಲೂ ಬರುತ್ತದೆ. ಹಲವು ಗಾಜಿನ ಹಾಬುಗಳಲ್ಲಿ ಪ್ರತಿ ಬರ್ನರ್ ಪಕ್ಕ ಥರ್ಮೋಕಪಲ್ ಎಂಬ ಚಿಕ್ಕ ಕಡ್ಡಿ ಇರುತ್ತದೆ. ಉರಿಯ ಬಿಸಿಗೆ ಅದರಲ್ಲಿ ಹುಟ್ಟುವ ಅತಿ ಸಣ್ಣ ವಿದ್ಯುತ್ತು ಗ್ಯಾಸಿನ ಕವಾಟವನ್ನು ತೆರೆದು ಹಿಡಿದಿರುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಕಡ್ಡಿ ತಣ್ಣಗಾಗಿ ಕವಾಟ ಮುಚ್ಚಿಕೊಳ್ಳುತ್ತದೆ. ಇದು ಕೆಟ್ಟರೆ ಗುಬುಟು ಬಿಟ್ಟ ಕೂಡಲೇ ಉರಿ ಆರುತ್ತದೆ. ಹೊಸ ಕಡ್ಡಿ ಬೆಂಗಳೂರಿನಿಂದ ಬರಲು ದಿನ ಹಿಡಿಯುತ್ತದೆ, ಮನೆಯಲ್ಲಿ ಹಬ್ಬ ಇದೆ, ‘ಹೇಗಾದರೂ ಉರಿಯೋ ಹಾಗೆ ಮಾಡಿಕೊಡಿ’ ಎಂಬ ಒತ್ತಾಯ. ಕವಾಟ ಸದಾ ತೆರೆದೇ ಇರುವಂತೆ ಮಾಡಿದರೆ ಒಲೆ ಉರಿಯುತ್ತದೆ, ಮನೆಯವರಿಗೆ ಸಂತೋಷ. ಮೈಕ್ರೋವೇವಿನ ಬಾಗಿಲ ಸ್ವಿಚ್ಚುಗಳನ್ನು ನೇರ ತಂತಿಯಿಂದ ಜೋಡಿಸುವುದೂ, ಫ್ಯೂಸಿನ ಜಾಗಕ್ಕೆ ತಾಮ್ರದ ಎಳೆ ಸುತ್ತುವುದೂ ಇದೇ ಜಾತಿಯ ಉಪಕಾರ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಅದರ ನಡುವೆ ಕಡ್ಡಿ ಗೀರುವವರು ಈ ಒಪ್ಪಂದದಲ್ಲಿ ಇಲ್ಲದವರು: ಅಡುಗೆ ಕೆಲಸಕ್ಕೆ ಬರುವ ಹೆಂಗಸು, ಹಾಲು ಕಾಯಿಸಲು ಬಂದ ಮಗು, ಮುಂದೆ ಆ ಮನೆಗೆ ಬಾಡಿಗೆಗೆ ಬರುವವರು.

ಹೊಂಬುಜದಂಥ ಕ್ಷೇತ್ರವಿರುವ ಈ ಜಿಲ್ಲೆಗೆ ಜೈನ ಚಿಂತನೆ ಹೊರಗಿನದಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಅದರ ಬುಡದಲ್ಲಿ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು ಇಡುತ್ತದೆ. ಕೊಲ್ಲುವ ಇಚ್ಛೆ ಇರಲಿಲ್ಲ ಎಂಬ ಸಮಜಾಯಿಷಿ ಅಲ್ಲಿ ಸಾಲದು. ಅಪಾಯ ತಿಳಿದೂ ಥರ್ಮೋಕಪಲ್ ತಪ್ಪಿಸಿದವನು, ಏನೂ ಆಗದೆ ಹತ್ತು ವರ್ಷ ಕಳೆದರೂ, ಆ ದಿನವೇ ಎಚ್ಚರ ತಪ್ಪಿದ್ದಾನೆ. ರಿಪೇರಿಯ ನೀತಿಗೆ ಇದಕ್ಕಿಂತ ಕಟ್ಟುನಿಟ್ಟಾದ, ಇದಕ್ಕಿಂತ ಸರಿಯಾದ ಅಳತೆ ಸಿಗುವುದು ಕಷ್ಟ.

ಇನ್ನು ತತ್ತ್ವಶಾಸ್ತ್ರದ ಹಳೆಯ ಸಮಸ್ಯೆಯೊಂದು ಈ ಅಂಗಡಿಗಳ ಮೇಜಿನ ಮೇಲೆ ದಿನವೂ ಕೂತಿರುತ್ತದೆ. ಮೋಟಾರು ಬದಲಾಯಿತು, ಬೋರ್ಡು ಬದಲಾಯಿತು, ಗಾಜು ಬದಲಾಯಿತು. ಮರಳಿ ಬಂದದ್ದು ಅದೇ ಯಂತ್ರವೇ? ಗ್ರೀಕರು ಇದನ್ನು ಥೀಸಿಯಸನ ಹಡಗಿನ ನೆಪದಲ್ಲಿ ಕೇಳಿದರು. ಮಿಲಿಂದ ರಾಜನೊಂದಿಗಿನ ಸಂವಾದದಲ್ಲಿ ಬೌದ್ಧ ಭಿಕ್ಷು ನಾಗಸೇನ ರಥವನ್ನು ಮುಂದಿಟ್ಟ: ಗಾಲಿ ರಥವಲ್ಲ, ಅಚ್ಚು ರಥವಲ್ಲ, ಎಲ್ಲವೂ ಕೂಡಿದಾಗ ನಾವು ಕೊಡುವ ವ್ಯವಹಾರದ ಹೆಸರಷ್ಟೇ ರಥ. ನ್ಯಾಯ-ವೈಶೇಷಿಕರು ಇದನ್ನು ಒಪ್ಪಲಿಲ್ಲ. ಅವರ ಪ್ರಕಾರ ಅವಯವಗಳಿಗಿಂತ ಬೇರೆಯಾದ ಅವಯವಿ ಎಂಬುದು ನಿಜವಾಗಿ ಇದೆ. ಆದರೆ ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು: ಒಂದು ಎಳೆ ಕಿತ್ತರೂ ಹಳೆಯ ಬಟ್ಟೆ ನಾಶವಾಗಿ ಹೊಸದೊಂದು ಹುಟ್ಟುತ್ತದೆ ಎನ್ನಬೇಕಾಯಿತು. ಆವಿಗೆಯಲ್ಲಿ ಬೇಯುವ ಮಡಕೆ ಅಣುಅಣುವಾಗಿ ಬಿಡಿಯಾಗಿ ಮತ್ತೆ ಕೂಡುತ್ತದೆಯೋ, ಇಡಿಯಾಗಿದ್ದೇ ಬೇಯುತ್ತದೆಯೋ ಎಂದು ವೈಶೇಷಿಕರೂ ನೈಯಾಯಿಕರೂ ವಾದಿಸಿದ್ದುಂಟು. ಬೆಂಕಿ ಮತ್ತು ಪಾತ್ರೆಯ ವಿಷಯದಲ್ಲಿ ಭಾರತದ ತಾರ್ಕಿಕರು ಇಷ್ಟು ಗಂಭೀರವಾಗಿದ್ದರು ಎಂಬುದು ನೆನೆಯತಕ್ಕ ಸಂಗತಿ.

ರಿಪೇರಿಯ ಅನುಭವಕ್ಕೆ ಹತ್ತಿರವಾಗುವುದು ಜೈನರ ನಿಲುವು. ಇರುವುದೆಲ್ಲವೂ ಹುಟ್ಟು, ಅಳಿವು, ಸ್ಥಿರತೆ ಮೂರನ್ನೂ ಒಟ್ಟಿಗೆ ಹೊಂದಿರುತ್ತದೆ. ಬದಲಾವಣೆ ನಿಜ, ಉಳಿಯುವಿಕೆಯೂ ನಿಜ. ಹಾಗಾದರೆ ‘ಅದೇ ಓವನ್’ ಎಂಬ ಮಾತೂ ‘ಹೊಸ ಬೋರ್ಡು’ ಎಂಬ ಮಾತೂ ಒಟ್ಟಿಗೆ ಹೇಳಿದಾಗಷ್ಟೇ ಪೂರ್ತಿ ಸತ್ಯ. ಒಂದನ್ನು ಮುಚ್ಚಿಟ್ಟರೆ ಉಳಿದದ್ದು ಸುಳ್ಳಾಗುತ್ತದೆ. ಹಳೆಯ ಬಿಡಿಭಾಗವನ್ನು ಪೊಟ್ಟಣ ಕಟ್ಟಿ ಮನೆಯವರ ಕೈಗೇ ಕೊಡುವ ಕೆಲವು ಮೆಕ್ಯಾನಿಕ್ಕರ ರೂಢಿ ಈ ದೃಷ್ಟಿಯಿಂದ ಬಹಳ ಅರ್ಥವುಳ್ಳದ್ದು. ಅಳಿದದ್ದು ಕಣ್ಣ ಮುಂದಿದ್ದರೆ ಉಳಿದದ್ದರ ಮೇಲೆ ನಂಬಿಕೆ ನಿಲ್ಲುತ್ತದೆ. ‘ಕಂಪನಿ ಪಾರ್ಟ್’ ಎಂದು ಹೇಳಿ ಡೂಪ್ಲಿಕೇಟ್ ಹಾಕುವುದು ದೊಡ್ಡ ತಪ್ಪಾಗುವುದೂ ಇದೇ ಕಾರಣಕ್ಕೆ. ಡೂಪ್ಲಿಕೇಟ್ ಎಂದು ಹೇಳಿಯೇ ಹಾಕಿದರೆ ಅದರಲ್ಲಿ ಅಧರ್ಮವಿಲ್ಲ.

ದೇವಾಲಯದ ಆಗಮಗಳು ಇದನ್ನು ವಿಧಿಯಾಗಿಯೇ ರೂಪಿಸಿವೆ. ಜೀರ್ಣೋದ್ಧಾರಕ್ಕೆ ಮುನ್ನ ಕಲಾಕರ್ಷಣೆ ಮಾಡಿ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿ ಇಡುತ್ತಾರೆ. ಶಿಲ್ಪಿಯ ಉಳಿ ಬೀಳುವುದು ಆಗ ಕಲ್ಲಿನ ಮೇಲೆ. ಕೆಲಸ ಮುಗಿದ ಮೇಲೆ ಪುನಃಪ್ರತಿಷ್ಠೆ. ಪೀಠಕ್ಕೆ ಮೂರ್ತಿಯನ್ನು ಬಂಧಿಸುವ ಅಷ್ಟಬಂಧವೂ ಶಾಶ್ವತವಲ್ಲ, 12 ವರ್ಷಕ್ಕೊಮ್ಮೆ ಹೊಸದಾಗಿ ಹಾಕುವುದು ರೂಢಿ. ದೇವರಿಗೂ ರಿಪೇರಿ ಬೇಕು ಎಂದು ಒಪ್ಪಿಕೊಳ್ಳಲು ಈ ಪರಂಪರೆಗೆ ಸಂಕೋಚವಾಗಲಿಲ್ಲ, ಅದನ್ನು ಊರಿಗೆಲ್ಲ ತಿಳಿಯುವಂತೆ ಮಾಡಿತು. ಕರ್ನಾಟಕದ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ: ಪೂಜೆಗೆ ಇಷ್ಟು, ಅನ್ನದಾನಕ್ಕೆ ಇಷ್ಟು ಎನ್ನುವಂತೆ ಒಡೆದದ್ದು ಬಿರಿದದ್ದನ್ನು ಸರಿಪಡಿಸಲೂ ಭೂಮಿಯ ಉತ್ಪನ್ನವನ್ನು ದಾನದ ದಿನವೇ ತೆಗೆದಿಡುತ್ತಿದ್ದರು. ಇಂದು ಲಕ್ಷ ರೂಪಾಯಿಯ ಅಡುಗೆಮನೆ ಕಟ್ಟಿಸುವವರು ಅದರ ದುರಸ್ತಿಗೆಂದು ಏನನ್ನೂ ಎತ್ತಿಡುವುದಿಲ್ಲ. ರಿಪೇರಿ ಅವರಿಗೆ ಅನಿರೀಕ್ಷಿತ ದಂಡವಾಗಿ ಕಾಣುವುದು ಅದರಿಂದಲೇ.

ಯಂತ್ರ ತಂದ ಇನ್ನೊಂದು ಬದಲಾವಣೆ ಜಾತಿ ಮತ್ತು ಮಡಿಗೆ ಸಂಬಂಧಿಸಿದ್ದು. ಕಲಾಯಿಗಾರನ ಕಾಲದಲ್ಲಿ ಪಾತ್ರೆ ಹೊರಗೆ ಬರುತ್ತಿತ್ತು. ಅವನು ಬೀದಿಯಲ್ಲೋ ಅಂಗಳದಲ್ಲೋ ಕುಳಿ ತೋಡಿ ಕೂರುತ್ತಿದ್ದ, ಕಲಾಯಿಯಾದ ಪಾತ್ರೆ ತೊಳೆಸಿಕೊಂಡು ಒಳಗೆ ಹೋಗುತ್ತಿತ್ತು. ಗ್ರಾನೈಟ್ ಕಟ್ಟೆಯೊಳಗೆ ಕೂರಿಸಿದ ಹಾಬ್, ಗೋಡೆಗೆ ಬಿಗಿದ ಚಿಮಣಿ ಹೊರಗೆ ಬರಲಾರವು. ಯಾರ ಮನೆಯ ಹುಡುಗನೇ ಆಗಲಿ, ಬಲ್ಲವನು ಒಲೆಯ ತನಕ ಬರಲೇಬೇಕು. ಮಡಿಯ ಮನೆಗಳು ಇದಕ್ಕೆ ತಮ್ಮದೇ ದಾರಿ ಕಂಡುಕೊಂಡಿವೆ: ಕೆಲಸ ಮುಗಿದ ಮೇಲೆ ಕಟ್ಟೆ ತೊಳೆದು, ಒಲೆಗೆ ಅರಿಶಿನ ಕುಂಕುಮ ಇಟ್ಟು ಮತ್ತೆ ಹಚ್ಚುವುದು. ಹೊಸ ಒಲೆಗೂ ಅದೇ ಉಪಚಾರ ಸಲ್ಲುವುದರಿಂದ ಇದನ್ನು ಒಲೆಗೆ ಸಲ್ಲಿಸುವ ಗೌರವವೆಂದೂ ಓದಬಹುದು. ಆದರೆ ತೊಳೆದದ್ದು ಚಿಮಣಿಯ ಜಿಡ್ಡನ್ನೋ ಬಂದವನ ಹೆಜ್ಜೆಯನ್ನೋ ಎಂಬುದು ತೊಳೆದವರ ಮನಸ್ಸಿಗೇ ಗೊತ್ತು. ಎರಡನೆಯದಾಗಿದ್ದರೆ ಅದು ತಪ್ಪು. ಮನುಷ್ಯನ ಶುದ್ಧಿಯನ್ನು ಹುಟ್ಟಿನಿಂದ ಅಳೆಯದೆ ನಡೆಯಿಂದ ಅಳೆಯಬೇಕೆಂದು ಕಲ್ಯಾಣದಲ್ಲಿ ವಾದಿಸಿದವರಲ್ಲಿ ಈ ಸೀಮೆಯವರೂ ಇದ್ದರು. ಅವರ ಅಳತೆಯಲ್ಲಿ ಅಡುಗೆಮನೆಯನ್ನು ಮೈಲಿಗೆ ಮಾಡುವುದು ತಪ್ಪಿಸಿಟ್ಟ ಥರ್ಮೋಕಪಲ್. ಅದನ್ನು ನಿಯತ್ತಿನಿಂದ ಬದಲಿಸಿದವನ ಪ್ರವೇಶದಿಂದ ಯಾವ ಮೈಲಿಗೆಯೂ ಆಗದು.

ಮಹಾನವಮಿಯ ಆಯುಧಪೂಜೆಯ ದಿನ ಇದೇ ಅಂಗಡಿಗಳಲ್ಲಿ ಟೆಸ್ಟರ್, ಬೆಸುಗೆ ಕಡ್ಡಿ, ಮಲ್ಟಿಮೀಟರ್‌ಗಳು ಚೆಂಡುಹೂವಿನ ನಡುವೆ ಪೂಜೆಗೆ ಕೂರುತ್ತವೆ. ಅನ್ನ ಕೊಡುವ ಉಪಕರಣಕ್ಕೆ ನಮಸ್ಕರಿಸುವುದು ಒಳ್ಳೆಯ ಸಂಪ್ರದಾಯ. ಮಲ್ಟಿಮೀಟರ್ ತೋರಿಸಿದ ಅಂಕಿಯನ್ನೇ ಗ್ರಾಹಕನಿಗೂ ಹೇಳಿದಾಗ ಆ ಪೂಜೆ ವರ್ಷವಿಡೀ ನಡೆದಂತೆ.

ಎಲ್ಲ ಭಾರವನ್ನೂ ಮೆಕ್ಯಾನಿಕ್ ಮತ್ತು ಗ್ರಾಹಕರ ಮೇಲೇ ಹೊರಿಸುವಂತಿಲ್ಲ. ಬಿಚ್ಚಲಾಗದಂತೆ ಅಂಟಿಸಿದ ಕವಚ, ಅಧಿಕೃತ ಸರ್ವಿಸ್ ಸೆಂಟರಿನ ಹೊರಗೆ ಸಿಗದ ಬಿಡಿಭಾಗ, ಗುಟ್ಟಾಗಿಟ್ಟ ಸರ್ಕ್ಯೂಟ್ ನಕ್ಷೆ ಇವೆಲ್ಲ ತಯಾರಕರ ಆಯ್ಕೆಗಳು. ಮಹಾನಗರದ ಹೊರಗಿನ ಊರುಗಳಿಗೆ ಇದರ ಬಿಸಿ ಹೆಚ್ಚು. ಒಂದು ಕೆಪಾಸಿಟರ್ ಬದಲಿಸಿ ಉಳಿಸಬಹುದಾದ ಬೋರ್ಡನ್ನು ಇಡಿಯಾಗಿ ಬದಲಿಸುವುದೇ ಕಂಪನಿಯ ನಿಯಮವಾಗಿರುವಾಗ ಅಲ್ಲಿನ ನೌಕರನಿಗೆ ಕಾಯಕದ ಅವಕಾಶವೇ ಕಿರಿದಾಗುತ್ತದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿಯ ಹಕ್ಕನ್ನು ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಅದಕ್ಕಾಗಿ ಪೋರ್ಟಲ್ ತೆರೆಯಿತು. ಕೊಂಡವನಿಗೆ ತನ್ನ ವಸ್ತುವನ್ನು ಬಿಚ್ಚಿ ನೋಡುವ, ಬೇಕಾದವರಿಂದ ಸರಿ ಮಾಡಿಸಿಕೊಳ್ಳುವ ಅಧಿಕಾರ ಇರದಿದ್ದರೆ ಅವನ ಒಡೆತನ ರಸೀದಿಯಲ್ಲಿ ಮಾತ್ರ ಉಳಿಯುತ್ತದೆ.

ಕೊನೆಯದಾಗಿ, ದುರಸ್ತಿಯಾಗದ ವಸ್ತುವಿನ ಪ್ರಶ್ನೆ. ‘ಇದು ಇನ್ನು ಬೇಡ, ದುಡ್ಡು ದಂಡ’ ಎಂದು ಹೇಳಿ ಕೂಲಿ ಬಿಟ್ಟುಕೊಡುವುದು ಈ ವೃತ್ತಿಯ ಕಠಿಣ ಕರ್ತವ್ಯ. ಒಳಗೋಡೆ ತುಕ್ಕು ಹಿಡಿದು ತೂತಾದ ಮೈಕ್ರೋವೇವನ್ನು ತೇಪೆ ಹಾಕಿ ಓಡಿಸಬಾರದು. ಭಿನ್ನವಾದ ಮೂರ್ತಿಯನ್ನು ಹರಿವ ನೀರಿನಲ್ಲಿ ವಿಸರ್ಜಿಸುವುದು ಸಂಪ್ರದಾಯ. ಸತ್ತ ಯಂತ್ರಕ್ಕೆ ಆ ದಾರಿ ಇಲ್ಲ. ಹಳೆಯ ಬೋರ್ಡುಗಳ ಬೆಸುಗೆಯಲ್ಲಿ ಸೀಸವಿದೆ, ತುಂಗೆಯ ನೀರನ್ನು ಊರು ಕುಡಿಯುತ್ತದೆ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿದ ಮೇಲೆ ಆ ನೀರು ಇನ್ನೂ ಎಷ್ಟೋ ಊರುಗಳಿಗೆ ಹೋಗುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಇಟ್ಟಿವೆ. ಅಂಗಡಿಯವನ ಪಾಲಿಗೆ ಉಳಿಯುವುದು ಎರಡು ಕೆಲಸ: ಇನ್ನೊಂದು ಯಂತ್ರಕ್ಕೆ ಆಗಬಹುದಾದ ಮೋಟಾರು, ಫ್ಯಾನು, ಟ್ರಾನ್ಸ್‌ಫಾರ್ಮರ್‌ಗಳನ್ನು ಮನೆಯವರ ಒಪ್ಪಿಗೆ ಪಡೆದು ಬಿಚ್ಚಿಟ್ಟುಕೊಳ್ಳುವುದು, ಮಿಕ್ಕದ್ದನ್ನು ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು.